ಒಪ್ಪಿ ಮುಂದುವರಿಯಿರಿ

"ಇದ್ರಲ್ಲಿ ಎರಡು ಬ್ರೌಸರ್ ಇದಾವೆ. ನಿನಗೆ ಆ ಹುಡುಕಾಟ ಸಿಕ್ಕಿದ್ದು ಯಾವುದ್ರಲ್ಲಿ?"

ಭಾವ ಕೇಳಿದ್ದು ಇನ್ಸ್‌ಪೆಕ್ಟರಿಗೆ ಒಂದು ಪ್ರಶ್ನೆ ಅಂತಲೇ ಅನ್ನಿಸಲಿಲ್ಲ.

"ಇಂಟರ್ನೆಟ್ಟಲ್ಲಿ ಸಿಕ್ತು ಭಾವ. ಇಂಟರ್ನೆಟ್ ಇರೋದು ಒಂದೇ ಅಲ್ವಾ?"

ಭಾವ ಚಿಮಟವನ್ನು ಕೆಳಗಿಟ್ಟರು. ಕಣ್ಣಿಗೆ ಕಟ್ಟಿಕೊಂಡಿದ್ದ ಭೂತಗನ್ನಡಿಯನ್ನು ಹಣೆಗೆ ಏರಿಸಿ ಇನ್ಸ್‌ಪೆಕ್ಟರ್ ನಾದಿನಿಯ ಮುಖವನ್ನೇ ನೋಡಿದರು. ಫೋನ್ ರಿಪೇರಿ ಅಂಗಡಿ ತೆರೆದು ಹದಿನಾರು ವರ್ಷವಾಗಿತ್ತು. ಠಾಣೆಯವರು ಫೋನ್ ತಪಾಸಣೆಗೆಂದು ಕರೆಯುವವರ ಪಟ್ಟಿಯಲ್ಲಿ ಅವರೇ ಮೊದಲಿಗರು. ಮನೆಯಲ್ಲಿ ಮಾತ್ರ ಅವರ ಪಾಂಡಿತ್ಯವನ್ನು ಕೇಳುವವರೇ ಇರಲಿಲ್ಲ.

"ಊರಿನ ಮೇಲೆಲ್ಲಾ ಅನುಮಾನ ಪಡ್ತೀಯ. ಕೈಯಲ್ಲಿರೋ ಫೋನಿನ ಮೇಲೆ ಮಾತ್ರ ಇಲ್ಲ ನೋಡು."

ಠಾಣೆಯಲ್ಲಿ ಅವಳನ್ನು ಬೆನ್ನ ಹಿಂದೆ ಅನುಮಾನಮ್ಮ ಅನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಕಣ್ಣೀರನ್ನು ನಂಬಿದವಳಲ್ಲ, ಆಣೆಯನ್ನು ನಂಬಿದವಳಲ್ಲ. ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುತ್ತಿದ್ದಳು. ಈ ಸಲ ಕಣ್ಣಿಗೆ ಕಂಡದ್ದು ಮೂರು ಸಾಲು.

ಮಂಗಳವಾರ ಹನ್ನೊಂದರ ಕಾಫಿ ಕುಡಿದ ಕನ್ನಡಕದಂಗಡಿಯ ಯಜಮಾನರು ಲೆನ್ಸ್ ಉಜ್ಜುವ ಯಂತ್ರದ ಮುಂದೆಯೇ ಕುಸಿದು ಬಿದ್ದು, ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು. ಕಾಫಿಯಲ್ಲಿ ಅವರದೇ ನಿದ್ರೆ ಮಾತ್ರೆ, ಪುಡಿಯಾಗಿ. ಲೋಟ ತಂದುಕೊಟ್ಟವಳು ಸೊಸೆ. ಗುರುವಾರ ಅವಳ ಫೋನಿನಲ್ಲಿ ಹುಡುಕಾಟದ ಆ ಮೂರು ಸಾಲು ಸಿಕ್ಕಿದ್ದವು. ಇವತ್ತು ಶುಕ್ರವಾರ, ಗಂಟೆ ಮೂರೂವರೆ. ಐದಕ್ಕೆ ಸಾಹೇಬರು ಬಂಧನದ ಕಾಗದಕ್ಕೆ ಸಹಿ ಹಾಕುವವರಿದ್ದರು. ಅದಕ್ಕೆ ಮುಂಚೆ ಫೋನ್ ಪರಿಣತರದೊಂದು ಷರಾ ಬೇಕಿತ್ತು, ಅಷ್ಟೇ. ಐದು ನಿಮಿಷದ ಕೆಲಸ ಅಂದುಕೊಂಡು ಬಂದಿದ್ದಳು.

"ಈ ನೀಲಿ ಗುರುತಿಂದು. ಇದ್ರಲ್ಲಿ ಸಿಕ್ತು," ಎಂದು ಪರದೆ ತೋರಿಸಿದಳು.

"ಇದು ಫೋನಿನ ಜೊತೆಗೇ ಬರೋದು. ಬೇಡ ಅಂದ್ರೂ ಇರುತ್ತೆ, ಕಿತ್ತು ಹಾಕೋಕೂ ಆಗಲ್ಲ. ಇನ್ನೊಂದು ನೋಡು, ಹಸಿರಿನದು. ಇದನ್ನ ಅವಳೇ ಹಾಕ್ಕೊಂಡಿದಾಳೆ."

ಭಾವ ಹಸಿರು ಗುರುತನ್ನು ಒತ್ತಿದರು. ಹೆಬ್ಬೆರಳಿನಷ್ಟು ದಪ್ಪ ಅಕ್ಷರಗಳು ಪರದೆ ತುಂಬಿದವು. ವಿಳಾಸ ಬರೆಯುವ ಪಟ್ಟಿ ಮೇಲಿರುವ ಬದಲು ಕೆಳಗಿತ್ತು. ಜಾಹೀರಾತಿನ ಸುಳಿವೇ ಇಲ್ಲ. ಮೂಲೆಯಲ್ಲೊಂದು ಕಿವಿಯ ಚಿತ್ರ. ಅದನ್ನು ಒತ್ತಿದರೆ ಫೋನೇ ಪುಟವನ್ನು ಓದಿ ಹೇಳುತ್ತದೆ.

"ಎಷ್ಟು ಜೋಪಾನವಾಗಿ ಒಗ್ಗಿಸಿಕೊಂಡಿದಾಳೆ ನೋಡು. ಅಕ್ಷರ ಅವಳ ಕಣ್ಣಿಗೆ ತಕ್ಕ ಹಾಗೆ, ಪಟ್ಟಿ ಒಂದೇ ಕೈಗೆ ಸಿಗೋ ಹಾಗೆ. ಒಂದು ವರ್ಷದಿಂದ ಹುಡುಕಿದ್ದೆಲ್ಲಾ ಇದ್ರಲ್ಲೇ ಇದೆ. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಲೆನ್ಸ್ ಮೇಲಿನ ಗೀರು ತೆಗೆಯೋದು ಹೇಗೆ ಅಂತ ಒಂದು ಪುಟ ತೆಗೆದಿದಾಳೆ. ನಿನ್ನ ಮೂರು ಸಾಲಿನ ಹೊತ್ತೇನು?"

"ಒಂಬತ್ತು ಹನ್ನೆರಡು."

"ಹಂಗಾದ್ರೆ ಇದನ್ನ ಬಿಟ್ಟು, ಯಾವತ್ತೂ ಮುಟ್ಟದೇ ಇರೋ ಅದನ್ನ ಯಾಕೆ ತೆಗೆದ್ಳು?"

"ಅದಕ್ಕೇ ತೆಗೆದಿರ್ತಾಳೆ ಭಾವ. ದಿನಾ ಓಡಾಡೋ ಬಾಗಿಲಲ್ಲಿ ಯಾರು ಕಳ್ಳಮಾಲು ಸಾಗಿಸ್ತಾರೆ?"

ಭಾವ ಮೂಗಿನಲ್ಲೇ ನಕ್ಕರು. "ಇಷ್ಟೆಲ್ಲಾ ತಿಳಿದೋಳಿಗೆ ಗುಟ್ಟಾಗಿ ಹುಡುಕೋ ಕಿಟಕಿ ಗೊತ್ತಿರಲ್ವಾ? ಹಸಿರಿನದನ್ನ ಒಂದು ಕ್ಷಣ ಒತ್ತಿ ಹಿಡಿದ್ರೆ ಬರುತ್ತೆ. ಹಿಂದೆ ಏನೂ ಉಳಿಯಲ್ಲ. ಇರಲಿ, ಆ ಸಾಲು ಓದು."

ಅವಳಿಗೆ ಅದು ಬಾಯಿಪಾಠವಾಗಿತ್ತು. "'ನಿದ್ರೆ ಮಾತ್ರೆ ಪುಡಿ ಮಾಡಿ ಕಾಫಿಗೆ ಹಾಕಿದರೆ ಕುಡಿಯೋರಿಗೆ ರುಚಿ ಗೊತ್ತಾಗಿಬಿಡುತ್ತಾ.' ಮೊದಲನೇದು."

"ನೀನು ಏನಾದ್ರೂ ಹುಡುಕುವಾಗ ಇಷ್ಟುದ್ದ ಬರೀತೀಯಾ?"

"ಎರಡು ಪದ. ಹೆಚ್ಚಂದ್ರೆ ಮೂರು."

"ಯಾರಾದ್ರೂ ಅಷ್ಟೇ. 'ಗೊತ್ತಾಗಿಬಿಡುತ್ತಾ' ಅಂತ ಬೆರಳಲ್ಲಿ ಯಾರೂ ಕುಟ್ಟಲ್ಲ. ಇದು ಬಾಯಲ್ಲಿ ಹೇಳಿದ್ದು. ಮೈಕ್ ಒತ್ತಿ, ಎದುರಿಗೆ ಕೂತೋರನ್ನ ಕೇಳೋ ಹಾಗೆ ಕೇಳಿದಾರೆ."

ಅನುಮಾನಮ್ಮ ಅದನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡಳು. ಹಾಗಂತ ಸೊಸೆಯನ್ನು ಬಿಟ್ಟುಕೊಡಲಿಲ್ಲ. ಲೆನ್ಸ್ ಉಜ್ಜಿ ಉಜ್ಜಿ ಆ ಹುಡುಗಿಯ ಬೆರಳ ತುದಿ ಸವೆದು ನುಣ್ಣಗಾಗಿತ್ತು. ಒತ್ತಿ ಬರೆಯುವುದು ಕಷ್ಟವೆಂದು ಅವಳೂ ಬಾಯಲ್ಲೇ ಹೇಳಿರಬಹುದು. ಅನುಮಾನಕ್ಕೆ ಎರಡೂ ಕಡೆ ಕಾಲಿಡಲು ಜಾಗವಿತ್ತು.

"ಸರಿ, ಒಂದು ಕೆಲಸ ಮಾಡೋಣ. ನಿನಗೆ ಕಣ್ಣಾರೆ ಕಾಣಬೇಕಲ್ಲ," ಎಂದು ಭಾವ ಕಪಾಟಿನಿಂದ ಒಂದು ಪೆಟ್ಟಿಗೆ ತೆಗೆದರು. ಯಾರೋ ಗಿರಾಕಿಯ ಹೊಸ ಫೋನು, ಸೊಸೆಯ ಬಳಿ ಇದ್ದ ಮಾದರಿಯದೇ. ಚಾಲೂ ಮಾಡಿ ಅವಳ ಕೈಗಿತ್ತರು. "ನೀಲೀದು ತೆಗಿ. ಇದನ್ನ ಇವತ್ತಿನವರೆಗೆ ಯಾರೂ ತೆಗೆದಿಲ್ಲ."

ಅವಳು ಒತ್ತಿದಳು. ಬಿಳಿ ಪುಟ ಬಂತು. ನಡುವೆ ಒಂದು ನೀಲಿ ಹೂವು, ಕೆಳಗೆ 'ಸುಸ್ವಾಗತ', ಅದರ ಕೆಳಗೆ ಇರುವೆ ಸಾಲಿನಂಥ ನಿಯಮಗಳು, ಎಲ್ಲಕ್ಕೂ ಕೆಳಗೆ ಅಗಲವಾದ ಒಂದು ಗುಂಡಿ: 'ಒಪ್ಪಿ ಮುಂದುವರಿಯಿರಿ.'

ಹೆಬ್ಬೆರಳು ತಾನಾಗಿಯೇ ಗುಂಡಿಯ ಕಡೆ ಹೋಯಿತು. ಹೋದದ್ದು ಅಲ್ಲೇ ನಿಂತಿತು.

ಈ ನೀಲಿ ಹೂವನ್ನು ಅವಳು ನೋಡಿದ್ದಳು. ನೋಡಿ ಒಂದು ದಿನವೂ ಆಗಿರಲಿಲ್ಲ.

"ಭಾವ, ಈ ಪುಟ ಯಾವಾಗ ಬರುತ್ತೆ?"

"ಮೊದಲನೇ ಸಲ ತೆಗೆದಾಗ. ಒಂದು ಫೋನಿಗೆ ಒಂದೇ ಸಲ. ಒಪ್ಪಿದ ಮೇಲೆ ಮತ್ತೆ ಬರಲ್ಲ."

ಗುರುವಾರ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಸೊಸೆಯ ಫೋನು ಇಸಿದುಕೊಂಡವಳು ಅವಳೇ. ನೀಲಿ ಗುರುತು ಒತ್ತಿದವಳೂ ಅವಳೇ. ಯಾಕೆಂದರೆ ಅವಳ ಫೋನಿನಲ್ಲೂ ಅದೇ ಇತ್ತು, ಇಂಟರ್ನೆಟ್ ಅಂದರೆ ಅವಳ ಮಟ್ಟಿಗೆ ಅದೇ. ಆಗ ಹಿಂದೆ ನಿಂತು ಕಾನ್‌ಸ್ಟೇಬಲ್ ಜಪ್ತಿಯ ವಿಡಿಯೋ ಮಾಡುತ್ತಿದ್ದ.

ಕಾನ್‌ಸ್ಟೇಬಲ್‌ಗೆ ಫೋನ್ ಮಾಡಿ ಆ ವಿಡಿಯೋ ತರಿಸಿಕೊಂಡಳು. ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದರು. ನೀಲಿ ಹೂವು ಬಂತು, 'ಸುಸ್ವಾಗತ' ಬಂತು. ಒಂದು ಹೆಬ್ಬೆರಳು ಬಂದು ಗುಂಡಿ ಒತ್ತಿತು. ಉಗುರಿನ ಪಕ್ಕದಲ್ಲಿ ಹಳೆಯ ಸುಟ್ಟ ಕಲೆ. ಆಮೇಲೆ ಇನ್ನೊಂದು ಪುಟ ಏನೋ ಕೇಳಿತು. ಹೆಬ್ಬೆರಳು ಅದಕ್ಕೂ ಹೌದು ಅಂದಿತು.

"ಒತ್ತಿದ್ದು ಯಾರು?" ಭಾವ ಮೆಲ್ಲಗೆ ಕೇಳಿದರು. ಕಲೆ ಅವರಿಗೂ ಗೊತ್ತಿತ್ತು.

"ನಾನು."

"ಎರಡನೇ ಪುಟ ಏನು ಕೇಳ್ತು ಅಂತ ಓದಿದ್ಯಾ?"

"ಯಾರು ಓದ್ತಾರೆ ಭಾವ ಅದನ್ನೆಲ್ಲಾ?"

"ಈ ಫೋನಲ್ಲಿರೋ ಖಾತೆ ಜೊತೆ ಸೇರಿಸ್ಲಾ ಅಂತ ಕೇಳ್ತು. ನೀನು ಸೇರಿಸು ಅಂದೆ. ಅಲ್ಲಿಗೆ ಅದೇ ಖಾತೆ ಇರೋ ಬೇರೆ ಫೋನಿನ ನೀಲೀದ್ರಲ್ಲಿ ಯಾರು ಏನು ಹುಡುಕಿದ್ರೋ ಅದೆಲ್ಲಾ ಇದಕ್ಕೆ ಬಂದು ಸುರೀತು. ಯಾವ ಫೋನಿಂದ ಬಂತು ಅಂತ ಈ ಪಟ್ಟಿ ಹೇಳಲ್ಲ."

ಒಂದೇ ಖಾತೆ. ಗುರುವಾರವೇ ಸೊಸೆ ಅದನ್ನು ಹೇಳಿದ್ದಳು. ಅಂಗಡಿಯ ಕೌಂಟರಿನಲ್ಲಿ ಗಿರಾಕಿಯ ಕಣ್ಣಿನ ನಂಬರ್ ಚೀಟಿಯ ಫೋಟೋ ತೆಗೆದರೆ ಒಳಗೆ ಲೆನ್ಸ್ ಉಜ್ಜುವವರಿಗೆ ಕೂಡಲೇ ಕಾಣಬೇಕು. ಅದಕ್ಕೆ ಮನೆಯ ಎಲ್ಲ ಫೋನಿಗೂ ಯಜಮಾನರು ಅಂಗಡಿಯ ಖಾತೆಯನ್ನೇ ಹಾಕಿಸಿದ್ದರು. "ಆ ನೀಲೀದನ್ನ ನಾನು ಮುಟ್ಟೇ ಇಲ್ಲ ಮೇಡಂ," ಎಂದೂ ಹೇಳಿದ್ದಳು. ಅನುಮಾನಮ್ಮ ಅದರ ಮುಂದೆ 'ಸುಳ್ಳು' ಎಂದು ಬರೆದು ಎರಡು ಗೆರೆ ಎಳೆದಿದ್ದಳು.

ಹತ್ತೊಂಬತ್ತು ವರ್ಷ ಊರವರ ಬೆರಳಚ್ಚು ಹುಡುಕಿದವಳು ತನ್ನ ಬೆರಳನ್ನೇ ಮರೆತಿದ್ದಳು. ಭಾವ ಇಂಥ ಅವಕಾಶ ಸಿಕ್ಕರೆ ಒಂದು ವಾರ ಆಡಿಕೊಳ್ಳುವ ಆಸಾಮಿ. ಇವತ್ತು ಆಡಿಕೊಳ್ಳದೆ ಸೊಸೆಯ ಫೋನಿಗೆ ನೆಟ್ ಹಾಕಿದರು. ಅದು ಇನ್ನೂ ಕಷ್ಟವಾಗಿತ್ತು.

"ನಾನೇ ಬರೆದುಕೊಡ್ತೀನಿ. ತಪ್ಪು ನಂದು ಅಂತ," ಎಂದು ಎದ್ದಳು.

"ತಾಳು. ಈ ಫೋನಿಗೆ ಈಗ ನೆಟ್ ಕೊಟ್ಟಿದೀನಿ. ಆ ಇನ್ನೊಂದು ಫೋನಲ್ಲಿ ಯಾರಾದ್ರೂ ಮತ್ತೆ ಏನಾದ್ರೂ ಹುಡುಕಿದ್ರೆ ಇಲ್ಲಿ ಕಾಣುತ್ತೆ. ಪಟ್ಟೀನ ಹೀಗೆ ಕೆಳಗೆ ಎಳೀತಾ ಇರು."

*

ಕನ್ನಡಕದಂಗಡಿಯ ಗೋಡೆಯ ತುಂಬ ಕನ್ನಡಕಗಳು. ಒಳಗೆ ಕಾಲಿಟ್ಟರೆ ಸಾಕು, ನೂರಾರು ಜನ ಕಣ್ಣಿಲ್ಲದೆ ದಿಟ್ಟಿಸಿದ ಹಾಗಾಗುತ್ತದೆ. ಕೌಂಟರಿನ ಹಿಂದೆ ಅಳಿಯ ಒಬ್ಬನೇ ನಿಂತು ಒಂದು ಫ್ರೇಮಿನ ತಿರುಪು ಬಿಗಿಯುತ್ತಿದ್ದ. ಯಜಮಾನರ ಮಗ ಹಡಗಿನಲ್ಲಿ ಕೆಲಸಕ್ಕಿದ್ದು ಊರಿಗೆ ಬರಲು ಇನ್ನೂ ಎರಡು ತಿಂಗಳಿತ್ತು. ಅಂಗಡಿ ನೋಡಿಕೊಳ್ಳುವವನು ಮಗಳ ಗಂಡ.

"ಸಹಿ ಆಯ್ತಾ ಮೇಡಂ?" ಎಂದ. ಬಾಯಲ್ಲಿ ಬೇಸರ, ಕಣ್ಣಲ್ಲಿ ಆತುರ.

"ನಿಮ್ಮ ಫೋನ್ ಕೊಡಿ."

"ನಂದ್ಯಾಕೆ?"

"ಕೊಡಿ."

ಅವನು ಕೊಟ್ಟ. ಅದರಲ್ಲೂ ಹಸಿರು ಗುರುತು ಎದುರಿಗೇ ಇತ್ತು. ನೀಲಿಯದು ಮೂರನೇ ಪುಟದ ಮೂಲೆಯಲ್ಲಿ ಬಿದ್ದಿತ್ತು. ಒತ್ತಿದಳು. ಹೂವು, ಸುಸ್ವಾಗತ, ಅಗಲವಾದ ಗುಂಡಿ. ಈ ಸಲ ಹೆಬ್ಬೆರಳನ್ನು ಮಡಚಿಕೊಂಡಳು.

"ಇದನ್ನ ಯಾವತ್ತೂ ತೆಗೆದೇ ಇಲ್ವಾ?"

"ಮಾವ ಬಿಡ್ಬೇಕಲ್ಲ. ಸಣ್ಣಕ್ಷರ ಓದೋದು ಕಣ್ಣಿಗೆ ಮಾಡೋ ದ್ರೋಹ ಅಂತಾರೆ. ಮನೇಲಿ ಯಾರು ಹೊಸ ಫೋನ್ ತಂದ್ರೂ ಅವರೇ ಕೂತು ದಪ್ಪಕ್ಷರದ್ದನ್ನ ಹಾಕಿಕೊಡೋದು. ಗಿರಾಕಿಗಳಿಗೂ ಹಾಕಿಕೊಟ್ಟಿದಾರೆ. ಕನ್ನಡಕ ಮಾರೋರು ಹೀಗೆ ಮಾಡಿದ್ರೆ ವ್ಯಾಪಾರ ಹೇಗೆ ಆಗುತ್ತೆ ಹೇಳಿ?"

ಕೌಂಟರಿನ ಮೇಲಿನ ಟ್ಯಾಬನ್ನು ಎಳೆದುಕೊಂಡಳು. ಅದರಲ್ಲೂ ನೀಲಿ ಹೂವು ಸ್ವಾಗತಿಸಿತು. ಯಜಮಾನರ ಫೋನು ಮಂಗಳವಾರದಿಂದ ಠಾಣೆಯ ಕಪಾಟಿನಲ್ಲಿತ್ತು, ಅದನ್ನು ಆಮೇಲೆ ನೋಡಬಹುದು. ಆದರೆ ಅಳಿಯ ಇನ್ನೊಂದು ಫೋನು ಬಚ್ಚಿಟ್ಟಿಲ್ಲ ಅಂತ ಏನು ಖಾತ್ರಿ?

"ಸೋಮವಾರ ಊಟಕ್ಕೆ ಕೂತಾಗ ಯಜಮಾನರು ಏನು ಹೇಳಿದ್ರು?"

ತಿರುಪುಳಿ ನಿಂತಿತು. "ಯಾರು ಹೇಳಿದ್ದು ನಿಮಗೆ?"

"ನಾನು ಕೇಳ್ತಿರೋದು."

"ಬುಧವಾರದಿಂದ ಲೆನ್ಸ್ ಕೋಣೆ ಕೀಲಿಕೈ ಸೊಸೆಗೆ ಅಂದ್ರು. ಯಂತ್ರ, ಕೆಲಸ, ಎಲ್ಲಾ ಅವಳ ಕೈಗೆ. ನಾನು ಇಲ್ಲಿ ಹನ್ನೆರಡು ವರ್ಷದಿಂದ ನಿಂತಿದೀನಿ ಮೇಡಂ. ನನ್ನ ಕಾಲು ಬಿದ್ದುಹೋಗಿದೆ."

"ಸಿಟ್ಟು ಬಂತು."

"ಬಂತು. ಸುಳ್ಳು ಯಾಕೆ ಹೇಳ್ಲಿ? ತಟ್ಟೆ ಬಿಟ್ಟು ಎದ್ದೆ. ಅಷ್ಟಕ್ಕೆ ಕೊಲ್ಲೋಕೆ ಹೋಗ್ತಾರಾ?"

"ಹೋಗಿರೋರನ್ನ ನೋಡಿದೀನಿ."

"ಕಾಫಿ ತಂದಿದ್ದು ಅವಳು! ಹುಡುಕಿದ್ದು ಅವಳ ಫೋನಲ್ಲಿ! ನನ್ನ ಮೇಲೆ ಯಾಕೆ ಗೂಬೆ ಕೂರಿಸ್ತೀರಿ?"

"ಹುಡುಕಿದ್ದು ಅವಳ ಫೋನಲ್ಲಲ್ಲ."

ಅಳಿಯನ ಬಾಯಿ ಅರ್ಧ ತೆರೆದುಕೊಂಡಿತು. ಅವಳು ಆ ಮುಖವನ್ನೇ ನೋಡಿದಳು. ಗಾಬರಿಯಾದ ಕಳ್ಳನ ಮುಖವೋ, ಬೆಪ್ಪಾದ ಮನುಷ್ಯನ ಮುಖವೋ ತಿಳಿಯಲಿಲ್ಲ. ಎರಡೂ ಮೊದಲ ಕ್ಷಣಕ್ಕೆ ಒಂದೇ ಥರ ಇರುತ್ತವೆ.

"ನೀವು ಎದ್ದು ಹೋದಿರಿ. ಮನೆಯವರು ಏನಂದ್ರು?"

"ನನ್ನ ಹೆಂಡ್ತಿ ಅತ್ತಳು. ಅತ್ತೆ ಏನೂ ಅನ್ನಲಿಲ್ಲ. ತುಟಿ ಪಿಟಕ್ ಅನ್ನಲಿಲ್ಲ. ಹಡಗಿಂದ ಮಗ ಬಂದಮೇಲೆ ಅವನಿಗೇ ಸಿಗಬೇಕು ಅಂತ ಕೀಲಿಕೈ ಕಾಯ್ಕೊಂಡಿದ್ದೋರು ಅವರು. ಆದ್ರೂ ಸುಮ್ಮನೆ ಊಟ ಮಾಡಿದ್ರು. ನನಗೇ ಆಶ್ಚರ್ಯ ಆಯ್ತು."

ಅನುಮಾನಮ್ಮನ ಕಣ್ಣ ಮುಂದೆ ಯಜಮಾನಿ ಬಂದರು. ಕನ್ನಡಕದ ಮನೆಯ ಯಜಮಾನಿಗೇ ಕಣ್ಣು ಕಾಣದು. ಐದು ವರ್ಷದ ಹಿಂದೆ ಆಪರೇಷನ್ ಕೆಟ್ಟು ಹೋಗಿ ಬರೀ ಬೆಳಕು ಗೊತ್ತಾಗುತ್ತದೆ ಎಂದು ಹೇಳಿದ್ದರು. ಮಂಗಳವಾರ ಕಾಫಿ ಸೋಸಿ ಇಟ್ಟಾಗ ಅಡುಗೆಮನೆಯಲ್ಲಿ ಇದ್ದವರು ಅವರೊಬ್ಬರೇ. ಕಣ್ಣಿಲ್ಲದವರನ್ನು ಸಾಕ್ಷಿ ಎಂದು ಹೇಗೆ ಬರೆಯುವುದು ಅಂತ ಹೇಳಿಕೆಯನ್ನೂ ತೆಗೆದುಕೊಂಡಿರಲಿಲ್ಲ.

ಇವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ಸೊಸೆ ಅವಳ ಕೈ ಹಿಡಿದುಕೊಂಡು ಬೇಡಿದ್ದಳು. "ಮಾವನಿಗೆ ಎಚ್ಚರ ಆಗೋ ಹಾಗಿದೆ ಮೇಡಂ. ನಾನಿಲ್ಲೇ ಇರ್ತೀನಿ. ಬೇಕಾದ್ರೆ ಬಾಗಿಲಲ್ಲಿ ಇನ್ನಿಬ್ಬರು ಪೊಲೀಸರನ್ನ ಕೂರಿಸಿ. ಅವರನ್ನ ಒಂಟಿಯಾಗಿ ಬಿಡಬೇಡಿ." ಅನುಮಾನಮ್ಮ ಆ ಕೈ ಬಿಡಿಸಿಕೊಂಡಿದ್ದಳು. ಸೊಸೆಯನ್ನು ಠಾಣೆಯ ಬೆಂಚಿಗೆ ಕಳಿಸಿ, ಅಪಾಯ ಮುಗಿಯಿತೆಂದು ಬಾಗಿಲಲ್ಲಿದ್ದ ಕಾನ್‌ಸ್ಟೇಬಲನ್ನೂ ಎಬ್ಬಿಸಿ, ಯಜಮಾನಿಯ ತೋಳು ಹಿಡಿದು ನಡೆಸಿಕೊಂಡು ಬಂದು ಗಂಡನ ಹಾಸಿಗೆಯ ಪಕ್ಕ ಕೂರಿಸಿದ್ದಳು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಟ್ಟವಳೂ ಅವಳೇ. "ನಿಮಗೆ ಪುಣ್ಯ ಬರಲಿ ತಾಯಿ," ಎಂದಿದ್ದರು ಯಜಮಾನಿ.

ಗಡಿಯಾರ ನಾಲ್ಕು ಮೂವತ್ತೆಂಟು ತೋರಿಸುತ್ತಿತ್ತು. ಜೊತೆಗೆ ತಂದಿದ್ದ ಸೊಸೆಯ ಫೋನು ಕೌಂಟರಿನ ಗಾಜಿನ ಮೇಲಿತ್ತು. ಅಭ್ಯಾಸವಾಗಿಬಿಟ್ಟಿದ್ದ ಬೆರಳು ಪಟ್ಟಿಯನ್ನು ಕೆಳಗೆ ಎಳೆಯಿತು.

ಹೊಸ ಸಾಲೊಂದು ಬಂದು ಎಲ್ಲಕ್ಕಿಂತ ಮೇಲೆ ಕೂತಿತು.

'ಪ್ರಜ್ಞೆ ಬಂದೋರಿಗೆ ಬೀಳೋಕೆ ಮುಂಚೆ ಆಗಿದ್ದೆಲ್ಲಾ ನೆನಪಿರುತ್ತಾ.'

ಪಕ್ಕದಲ್ಲಿ ಹೊತ್ತು: ನಾಲ್ಕು ಮೂವತ್ತೇಳು.

ಅವಳು ತಲೆಯೆತ್ತಿದಳು. ಅಳಿಯನ ಎರಡು ಕೈಗಳೂ ಗಾಜಿನ ಮೇಲೆ, ಕಣ್ಣೆದುರಿಗೆ ಇದ್ದವು. ಅವನ ಫೋನು ಅವಳ ಎಡಗೈಯಲ್ಲಿತ್ತು. ಸೊಸೆ ಠಾಣೆಯ ಬೆಂಚಿನ ಮೇಲಿದ್ದಳು.

"ನಿಮ್ಮ ಹೆಂಡ್ತಿ ಎಲ್ಲಿ?"

"ಮಹಡಿ ಮೇಲೆ. ಜ್ವರ ಬಂದು ಮಲಗಿದಾಳೆ. ಅವಳ ಫೋನ್ ಇಲ್ಲೇ ಚಾರ್ಜಿಗಿದೆ, ನೋಡಿ," ಎಂದು ಗೋಡೆಯತ್ತ ಕೈ ತೋರಿಸಿದ. ಅದರ ಪರದೆ ಆರಿತ್ತು.

"ಅಂಗಡಿ ಖಾತೆ ಇನ್ಯಾರ ಫೋನಲ್ಲಿದೆ? ಯೋಚನೆ ಮಾಡಿ ಹೇಳಿ."

"ಇನ್ಯಾರಿದಾರೆ? ಇರೋದೇ ಇಷ್ಟು ಜನ." ಅವನು ಹಣೆ ಉಜ್ಜಿಕೊಂಡ. "ಮಾವನ ಹಳೇದೊಂದು ಅತ್ತೆ ಹತ್ರ ಇದೆ. ಅದಕ್ಕೆ ಮಾವ ದಪ್ಪಕ್ಷರದ್ದು ಹಾಕಿಕೊಟ್ಟಿಲ್ಲ. ಓದೋಕೇ ಆಗದೋರಿಗೆ ಅಕ್ಷರ ದಪ್ಪ ಇದ್ರೇನು, ಸಣ್ಣ ಇದ್ರೇನು ಅಂತ ಹಂಗೇ ಬಿಟ್ರು. ಮೈಕ್ ಒತ್ತಿ ಹೇಳಿದ್ರೆ ಹಾಡು ಹಾಕುತ್ತೆ. ಅತ್ತೆ ಅದ್ರಲ್ಲಿ ಹಾಡು ಕೇಳ್ತಾರೆ ಮೇಡಂ, ಅಷ್ಟೇ."

ಆಸ್ಪತ್ರೆಯ ನಂಬರ್ ಒತ್ತುವಾಗ ಎರಡು ಸಲ ತಪ್ಪಾಯಿತು. ಮೂರನೆಯದಕ್ಕೆ ವಾರ್ಡಿನ ನರ್ಸ್ ಎತ್ತಿಕೊಂಡಳು.

"ಕನ್ನಡಕದಂಗಡಿ ಯಜಮಾನರ ಕೋಣೆಗೆ ಈಗಲೇ ಹೋಗಿ. ಅವರ ಹೆಂಡತಿ ಕೈಯಿಂದ ಏನೂ ಕುಡಿಸೋಕೆ ಬಿಡಬೇಡಿ!"

"ಯಾಕೆ ಮೇಡಂ? ಒಳ್ಳೇ ಸುದ್ದಿ ಇದೆ. ಪೇಷಂಟ್ ಆಗಲೇ ಕಣ್ಣು ಬಿಟ್ರು. ಏನೋ ಹೇಳೋಕೆ ಒದ್ದಾಡ್ತಿದ್ರು. ಅಮ್ಮಾವ್ರು ಬಾಯಿ ಒಣಗಿದೆ, ಒಂದು ಗುಟುಕು ನೀರು ಹಾಕ್ತೀನಿ ಅಂದ್ರು."

"ಅವರನ್ನ ಮುಟ್ಟೋಕೆ ಬಿಡಬೇಡಿ ಅಂದೆ! ಆಮೇಲೆ ಎಲ್ಲಾ ಹೇಳ್ತೀನಿ. ಕಣ್ಣು ಕಾಣದೋರ ಕೈಗೆ ಪೇಷಂಟ್ ಬಿಟ್ಟು ಬರ್ತೀರಾ?"

ಅತ್ತ ಕಡೆ ಚಪ್ಪಲಿಯ ಸದ್ದು ಬಿರುಸಾಯಿತು. ನರ್ಸ್ ಓಡುತ್ತಲೇ ಮಾತಾಡುತ್ತಿದ್ದಳು.

"ಕಣ್ಣು ಕಾಣದೋರು ಯಾರು ಮೇಡಂ? ಆಗ ತಾನೇ ಗೋಡೆ ಗಡಿಯಾರ ನೋಡಿ, ಇಂಜೆಕ್ಷನ್ ಹತ್ತು ನಿಮಿಷ ತಡ ಆಯ್ತು ಅಂತ ನನ್ನನ್ನೇ ಬೈದ್ರಲ್ಲ."

ಸದ್ದು ನಿಂತಿತು. ಹಿಡಿ ತಿರುಗಿಸಿದ್ದು ಕೇಳಿಸಿತು. ಮತ್ತೊಂದು ಸಲ ತಿರುಗಿಸಿದ್ದು ಕೇಳಿಸಿತು. ಆಮೇಲೆ ಅಂಗೈಯಿಂದ ದಬದಬ ಬಡಿದದ್ದು.

"ಮೇಡಂ," ನರ್ಸಿನ ದನಿ ಇಳಿದುಹೋಗಿತ್ತು, "ಒಳಗಿಂದ ಚಿಲಕ ಹಾಕ್ಕೊಂಡಿದಾರೆ."